ಎಡ ಹೆಗಲಿನ ಕೋಟು

ಸ್ನಾನದ ಮನೆಯ ಹೊಲಿಗೆ ಕೋಣೆಯಿಂದ
ತಾರೀಖು ಹದಿನೇಳು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಪುಟ್ಟಾ,

ಹೇಗಿದ್ದೀಯೋ? ಕೆಮ್ಮು ಹತೋಟಿಯಲ್ಲಿದೆಯಾ? ಚಳಿ ಶುರುವಾಗುತ್ತಿದ್ದಂತೆ ನಿನಗೆ ಕೆಮ್ಮು ಗಂಟುಬೀಳುತ್ತಿತ್ತು, ಬಿಸಿಲು ಬಂದರೂ ಬಿಡುತ್ತಿರಲಿಲ್ಲ. ಹಿಂದಿನ ಆ ಹುಳುಕು ಹಲ್ಲನ್ನು ಕೀಳಿಸಿದೆಯೋ ಇಲ್ಲವೋ? ಕೀಳಿಸಿರಲಿಕ್ಕಿಲ್ಲ. ಇಕ್ಕಳ ಕಂಡರೆ ಕಾಲಿಗೆ ಬುದ್ಧಿ ಹೇಳುವ ಗಂಡಸು ನೀನು. ಇಷ್ಟು ವರ್ಷಗಳ ಮೇಲೆ ಕಾಗದ ಬರೆಯಲು ಕೂತವಳು ಹಲ್ಲಿನಿಂದ ಶುರು ಮಾಡಿದಳಲ್ಲ ಎಂದು ನಗಬೇಡ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಬೆಳಗಿನಿಂದ ಹಾಳೆ ಹರಿದು ಹಾಕುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಕಣ್ಣು ಮಾತ್ರ ಮೊದಲಿನಂತಿಲ್ಲ; ಸೂಜಿಗೆ ದಾರ ಪೋಣಿಸಲು ಯಾರನ್ನಾದರೂ ಕರೆಯಬೇಕು. ನೀನಿದ್ದಾಗ ಆ ಕೆಲಸ ನಿನ್ನದಾಗಿತ್ತು. ಒಂದು ಸೂಜಿ ಪೋಣಿಸಿಕೊಟ್ಟು ಇಡೀ ಅಂಗಡಿ ನಿನ್ನಿಂದಲೇ ನಡೆಯುವುದೆಂಬಂತೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ನಮ್ಮ ಸ್ನಾನದ ಮನೆಯ ನರ್ಸಮ್ಮ ನೀನಿರುವ, ನಮ್ಮಂಥದ್ದೇ ಆ ಮನೆಗೆ ಫೋನ್ ಮಾಡಿ, ಎಡ ಹೆಗಲು ತುಸು ಇಳಿಬಿದ್ದವನೊಬ್ಬ ನಿಮ್ಮ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾನೆಯೇ ಎಂದು ವಿಚಾರಿಸಿದರು. ಅವರು ಇದ್ದಾನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ನಮ್ಮಲ್ಲಿ ಯಾರಿದ್ದಾರೆ ಅಂತ ನಾವು ಯಾರಿಗೂ ಹೇಳಲ್ಲ. ಕಾಗದ ಬಂದ್ರೆ ಕಿಟಕಿ ಹತ್ರ ಇಟ್ಟಿರ್ತೀವಿ, ಬೇಕಾದವರು ತಗೋತಾರೆ" ಅಂದರಂತೆ. ನನಗೆ ರೇಗಿಹೋಯಿತು. ನರ್ಸಮ್ಮ ಮಾತ್ರ ಅವರು ಹೇಳಿದ್ದೇ ಸರಿ ಎಂದರು, ನಮ್ಮಲ್ಲೂ ಅದೇ ನಿಯಮ. ಹಾಗಾಗಿ ನೀನು ಕಿಟಕಿಯಿಂದ ಇದನ್ನು ತೆಗೆದುಕೊಂಡಿದ್ದೀಯ, ಬೆಚ್ಚಗೆ ಎಲ್ಲೋ ಕೂತು ಓದುತ್ತಿದ್ದೀಯ ಎಂದುಕೊಂಡೇ ಬರೆಯುತ್ತೇನೆ. ಹಾಗೆ ಅಂದುಕೊಳ್ಳದಿದ್ದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ.

ನೀನು ಮೂಟೆ ಹೊರುತ್ತಿದ್ದ ಗೋದಾಮು ಮುಚ್ಚಿ ಕೆಲಸ ಹೋದ ಮೇಲೆ, "ಕೆಲಸ ಸಿಕ್ಕಿದ ಮೇಲೆ ಮುಖ ತೋರಿಸ್ತೀನಿ ಅಕ್ಕ" ಎಂದು ಹೇಳಿ ಹೊರಟವನು ನೀನು. ಮೊದಲು ಎರಡು ಕಾಗದ ಬಂದವು, ಆಮೇಲೆ ಅದೂ ನಿಂತಿತು. ಅಂಗಡಿಯಲ್ಲಿರುವಷ್ಟು ಹೊತ್ತು ನನಗೇನೂ ಅನ್ನಿಸುತ್ತಿರಲಿಲ್ಲ. ಗಿರಾಕಿಗಳ ಜೊತೆ ಜಗಳವಾಡಲಾದರೂ ಬಾಯಿ ತೆರೆಯಬೇಕಲ್ಲ. ಮನೆಗೆ ಬಂದು ಬೀಗ ತೆಗೆದರೆ ಮಾತು ಮುಗಿಯಿತು. ರೇಡಿಯೋದವನು ಸುದ್ದಿ ಓದಿ ಮುಗಿಸಿ ನಮಸ್ಕಾರ ಎಂದರೆ ನಾನೂ ನಮಸ್ಕಾರ ಎನ್ನುತ್ತಿದ್ದೆ. ಬೇರೆ ಯಾರೂ ನನಗೆ ನಮಸ್ಕಾರ ಹೇಳುತ್ತಿರಲಿಲ್ಲ, ಏನು ಮಾಡಲಿ? ಬೀದಿಯಲ್ಲಿ ಹೋಗುವಾಗ ಅಂಗಡಿ ಮುಂಗಟ್ಟಿನಡಿ ಮಲಗಿದವರನ್ನು ಕಂಡರೆ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಹೊದಿಕೆಯ ಹೊರಗೆ ಕಂಡ ಕಾಲು ನಿನ್ನದೇ ಇರಬಹುದೇ ಎಂದು ನೋಡುತ್ತಿದ್ದೆ. ಕಾಲು ನೋಡಿ ತಮ್ಮನನ್ನು ಗುರುತು ಹಿಡಿಯುವ ಗತಿ ಯಾವ ಅಕ್ಕನಿಗೂ ಬರಬಾರದು ಕಣೋ.

ಈ ಸ್ನಾನದ ಮನೆ ಶುರುವಾದದ್ದು ನೀನು ಹೋದ ಮೇಲೆ. ನಮ್ಮ ಬೀದಿಯ ಕೊನೆಯಲ್ಲಿ ಟೈರಿನ ಗೋದಾಮು ಇತ್ತಲ್ಲ, ಅದರ ಮುಂದೆ ಮಲಗುವವರನ್ನು ಓಡಿಸಬೇಕೆಂದು ಅಂಗಡಿಯವರೆಲ್ಲ ಸೇರಿ ಸಭೆ ಮಾಡಿದರು. ಗಬ್ಬು ವಾಸನೆ ಎಂದು ಎಲ್ಲರದೂ ಒಂದೇ ರಾಗ. ಆಸ್ಪತ್ರೆಯಿಂದ ನಿವೃತ್ತರಾಗಿ ಬಂದಿದ್ದ ನರ್ಸಮ್ಮ ಎದ್ದು ನಿಂತು, ನಿಮಗೂ ವಾರಗಟ್ಟಲೆ ನೀರು ಕೊಡದಿದ್ದರೆ ಏನಾಗುತ್ತೀರಿ ನೋಡೋಣ ಎಂದರು. ಗೋದಾಮಿನ ಮಾಲೀಕರು ಈ ಗಲಾಟೆಯಿಂದ ತಪ್ಪಿಸಿಕೊಂಡರೆ ಸಾಕೆಂದು ಬೀಗದಕೈ ಕೊಟ್ಟುಬಿಟ್ಟರು. ಪ್ಲಂಬರ್ ತನ್ನ ರಜೆಯಲ್ಲೆಲ್ಲ ಕೂತು ಪೈಪು ಎಳೆದ. ಇದಕ್ಕೊಂದು ಸಂಘ ಮಾಡಿಕೊಂಡೆವು; ಮೇಷ್ಟ್ರು ಅದರ ಅಧ್ಯಕ್ಷರಾದರು, ಏಕೆಂದರೆ ಅವರನ್ನು ಅಧ್ಯಕ್ಷರನ್ನಾಗಿ ಮಾಡದಿದ್ದರೆ ಭಾಷಣ ಇನ್ನೂ ಉದ್ದವಾಗುತ್ತಿತ್ತು. ಅವರು ಬಾಗಿಲ ಮೇಲೆ ಪುನರ್ವಸತಿ ಕೇಂದ್ರ ಎಂದು ಬರೆಸಲು ಹೊರಟಿದ್ದರು. ಅಂಥ ಹೆಸರಿದ್ದರೆ ನಾನೇ ಒಳಗೆ ಬರಲ್ಲ ಎಂದ ಪ್ಲಂಬರ್. ಕೊನೆಗೆ ಬೋರ್ಡಿನ ಮೇಲೆ "ಬಿಸಿನೀರು ಇದೆ" ಎಂದಷ್ಟೇ ಬರೆಸಿದೆವು. ಹಾಗೆ ಬರೆಸಿದ ವಾರದಿಂದ ಜನ ಬರತೊಡಗಿದರು.

ಇಲ್ಲಿನ ರೀತಿ ಹೀಗೆ. ನಿಮ್ಮಲ್ಲಿ ಬೇರೆ ಇದ್ದರೂ ಇರಬಹುದು. ಬಂದವರು ಮೈಮೇಲಿನ ಬಟ್ಟೆಯನ್ನೆಲ್ಲ ಕಿಟಕಿಯಲ್ಲಿ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ಜೇಬಿನಲ್ಲಿದ್ದದ್ದು ಒಂದು ಚೀಲಕ್ಕೆ, ಅದು ಬೀಡಿ ತುಂಡೇ ಆಗಲಿ, ತುಕ್ಕು ಹಿಡಿದ ಮೊಳೆಯೇ ಆಗಲಿ, ನಾವು ಬಿಸಾಡುವಂತಿಲ್ಲ. ಸ್ನಾನ ಮುಗಿಸಿ ಬಂದವರಿಗೆ ಬೂದು ಬಣ್ಣದ ಉದ್ದನೆಯ ನಿಲುವಂಗಿ ಕೊಡುತ್ತೇವೆ, ಎಲ್ಲ ನಾನೇ ಹೊಲಿದದ್ದು. ಬಟ್ಟೆ ಒಗೆದು ಒಣಗುವವರೆಗೆ ಅದನ್ನು ಹಾಕಿಕೊಂಡು ಬೆಂಚಿನ ಮೇಲೆ ಕೂರಬೇಕು. ನರ್ಸಮ್ಮನ ಜಾಣತನವೆಲ್ಲ ಇರುವುದು ಅಲ್ಲಿ. ಬೂದು ಅಂಗಿಯಲ್ಲಿ ಯಾರೂ ಬೀದಿಗೆ ಓಡಿಹೋಗಲಾರರಲ್ಲ. ಆ ಹೊತ್ತಿನಲ್ಲಿ ಅವರು ಒಂದು ಟಬ್ ಇಟ್ಟುಕೊಂಡು ಒಬ್ಬೊಬ್ಬರ ಕಾಲಿನ ಹುಣ್ಣು ನೋಡುತ್ತಾರೆ, ಕೆಮ್ಮು ಕೇಳುತ್ತಾರೆ, ಆಸ್ಪತ್ರೆಗೆ ಹೋಗಲೇಬೇಕಾದವರನ್ನು ಬೈದು ಒಪ್ಪಿಸುತ್ತಾರೆ. ಪಕ್ಕದ ಬೇಕರಿಯವರು ಚಹಾದ ನೆಪದಲ್ಲಿ ಬಂದು ಕೂತು, ಯಾರ ತೋಳಿನಲ್ಲಿ ಕಸುವಿದೆ, ಯಾರು ಹೊತ್ತಿಗೆ ಸರಿಯಾಗಿ ಬರುತ್ತಾರೆ ಎಂದು ಅಳೆದು ಕೆಲಸಕ್ಕೆ ಕರೆಯುತ್ತಾರೆ. ಮೇಷ್ಟ್ರು ಮನೆ ಮಾಲೀಕರ ತಲೆ ತಿಂದು ತಿಂದು, ಸಂಘದ ಜವಾಬ್ದಾರಿಯ ಮೇಲೆ ಕೋಣೆ ಕೊಡಿಸುತ್ತಾರೆ. ಅವರ ಭಾಷಣ ಆ ಒಂದು ಕೆಲಸಕ್ಕೆ ಬಹಳ ಉಪಯೋಗ. ನಮ್ಮ ಬಟ್ಟೆ ಒಣಗಿಸುವ ಕೋಣೆಯ ಗೋಡೆಯಾಚೆ ಬೇಕರಿಯ ಒಲೆ ಇರುವುದರಿಂದ ಒಣಗಿದ ಬಟ್ಟೆಯೆಲ್ಲ ಬ್ರೆಡ್ಡಿನ ವಾಸನೆ ಹೊಡೆಯುತ್ತದೆ. ಅಂಗಿ ಹಾಕಿಕೊಂಡ ಕೂಡಲೇ ಹಸಿವಾಗುತ್ತೆ ಎಂದು ಒಬ್ಬ ತಕರಾರು ಹೇಳಿದ್ದ.

ನಾನು ವಾರಕ್ಕೆರಡು ಸಲ ಬಂದು ಹರಿದದ್ದನ್ನು ಹೊಲಿದುಕೊಡುತ್ತಿದ್ದೆ. ಎಲ್ಲರೂ ನನಗೆ ದೊಡ್ಡ ಮನಸ್ಸು ಎಂದರು. ನಿನ್ನ ಹತ್ತಿರ ಸುಳ್ಳು ಹೇಳುವುದೇಕೆ? ಎಂದಾದರೊಂದು ದಿನ ಆ ಬೆಂಚಿನ ಮೇಲೆ ನೀನು ಬಂದು ಕೂರುತ್ತೀಯ ಎಂಬ ಆಸೆಯಿಂದ ಬಂದವಳು ನಾನು. ಹೊಲಿಗೆ ಕೋಣೆಯ ಬಾಗಿಲಿಂದ ಬೆಂಚು ಪೂರ್ತಿ ಕಾಣುತ್ತದೆ. ಮೆಷಿನ್ನನ್ನು ಆ ಕಡೆ ತಿರುಗಿಸಿ ಹಾಕಿಸಿಕೊಂಡಿದ್ದೆ. ಬೆಳಕು ಆ ಕಡೆಯಿಂದ ಬರುತ್ತದೆ ಎಂದು ಪ್ಲಂಬರನಿಗೆ ಹೇಳಿದೆ.

ಈ ಚಳಿಗಾಲದ ಶುರುವಿನಲ್ಲಿ ಒಬ್ಬ ಬಂದ. ಬಾಗಿಲಿಗೆ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರ, ಮಾತೇ ಇಲ್ಲ. ನಾವು ಅವನನ್ನು ಉದ್ದಣ್ಣ ಎಂದೆವು, ಅವನೂ ಬೇಡ ಎನ್ನಲಿಲ್ಲ. ಬಲಗಾಲಿನ ಬೆರಳುಗಳ ಸಂದಿಯಲ್ಲಿ ಕೆಟ್ಟ ಹುಣ್ಣು. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ, ಒಂದು ದಿನ ಬಿಟ್ಟು ಒಂದು ದಿನ ಪಟ್ಟಿ ಕಟ್ಟಿಸಿಕೊಳ್ಳದಿದ್ದರೆ ಕಾಲೇ ಹೋಗುತ್ತದೆ ಎಂದು ನರ್ಸಮ್ಮ ಅವನಿಗೆ ಅರ್ಥವಾಗುವ ಹಾಗೆ ಹೇಳಿದರು. ಆಶ್ಚರ್ಯವೆಂದರೆ ಅವನು ತಪ್ಪದೆ ಬರತೊಡಗಿದ. ಬೇಕರಿಯವರಿಗೂ ಹಿಡಿಸಿದ. ಹುಣ್ಣು ಮಾಗಿದ ಮೇಲೆ ಹಿಟ್ಟಿನ ಮೂಟೆ ಇಳಿಸುವ ಕೆಲಸ, ಬೇಕರಿಯ ಹಿಂದಿನ ಕೋಣೆ ಎಂದು ಮಾತಾಗಿತ್ತು. ಅವನು ಮೈಮೇಲಿನ ಕೋಟನ್ನು ಮಾತ್ರ ಕೊಡುತ್ತಿರಲಿಲ್ಲ. ಉಳಿದದ್ದೆಲ್ಲ ಕಿಟಕಿಯಲ್ಲಿ ಕೊಟ್ಟು, ಕೋಟನ್ನು ಮಡಿಸಿ ಬೂದು ಅಂಗಿಯ ಮೇಲೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಯಾರೂ ಬಲವಂತ ಮಾಡಲಿಲ್ಲ. ಕೊನೆಗೊಂದು ದಿನ, ಎಲ್ಲರೂ ನೋಡುತ್ತಿದ್ದಂತೆ, ತಾನಾಗಿ ಅದನ್ನೂ ಕಿಟಕಿಯೊಳಗೆ ಇಟ್ಟ. ನರ್ಸಮ್ಮನ ಮುಖ ಅರಳಿದ್ದನ್ನು ನಾನು ಇಲ್ಲಿಂದಲೇ ನೋಡಿದೆ.

ಒಗೆದು ಒಣಗಿದ ಕೋಟು ನನ್ನ ಮೇಜಿಗೆ ಬಂತು. ಅಲ್ಲಿಯವರೆಗೆ ಕೊಳೆ ಹಿಡಿದು ಬಣ್ಣಗೆಟ್ಟ ಅದನ್ನು ನಾನು ದೂರದಿಂದಷ್ಟೇ ನೋಡಿದ್ದೆ. ಮೊಣಕೈ ಹರಿದಿತ್ತು, ಒಳಬಟ್ಟೆ ಜೋಲುತ್ತಿತ್ತು. ಹರವಿದರೆ ಕೋಟು ಮೇಜಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಎಡ ಹೆಗಲು ಎದ್ದು ನಿಲ್ಲುತ್ತದೆ. ಕೈಯಿಟ್ಟು ಒತ್ತಿದೆ. ಎಡಗಡೆ ಮಾತ್ರ ದಪ್ಪ ಪ್ಯಾಡು, ಬಲಗಡೆ ಏನೂ ಇಲ್ಲ. ಮೂಟೆ ಹೊತ್ತು ಹೊತ್ತು ಒಂದು ಕಡೆ ಇಳಿದ ನಿನ್ನ ಹೆಗಲು ನಾಲ್ಕು ಜನರ ಮುಂದೆ ಸಮವಾಗಿ ಕಾಣಲಿ ಎಂದು ನಾನೇ ಹಾಕಿದ್ದ ಪ್ಯಾಡು ಅದು. ಜಗತ್ತಿನಲ್ಲಿ ಇನ್ನೊಬ್ಬರಿಗೆ ಆ ಕೋಟು ಹೊಂದುವುದಿಲ್ಲ. ನೀನು ಹೋಗಿಬಿಟ್ಟೆ, ಸತ್ತವನ ಮೈಯಿಂದ ಇವನು ಕೋಟು ಬಿಚ್ಚಿಕೊಂಡಿದ್ದಾನೆ ಎಂದೇ ಮೊದಲು ಅನ್ನಿಸಿತು. ಬರೆಯಬಾರದು, ಆದರೆ ಬರೆದೆ.

ಆಗ ನನ್ನ ತಲೆ ನೆಟ್ಟಗಿರಲಿಲ್ಲ ಎನ್ನುವುದಕ್ಕೆ ಇನ್ನೊಂದು ಕಾರಣವಿತ್ತು. ನಮ್ಮ ಮನೆಯಿದ್ದ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತಾರಂತೆ, ಖಾಲಿ ಮಾಡಿ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ನನಗೆ ಮನೆಯ ಚಿಂತೆ ಇರಲಿಲ್ಲ. ನೀನು ಬಂದರೆ ಆ ಬಾಗಿಲಿಗೇ ತಾನೇ ಬರುವುದು? ಅಲ್ಲಿ ಬಾಗಿಲೇ ಇಲ್ಲದಿದ್ದರೆ ನನ್ನನ್ನು ಎಲ್ಲಿ ಹುಡುಕುತ್ತೀಯ? ಅದೇ ಯೋಚನೆಯಲ್ಲಿ ಊಟ ನಿದ್ದೆ ಬಿಟ್ಟಿದ್ದ ದಿನಗಳಲ್ಲೇ ಈ ಕೋಟು ನನ್ನ ಕೈಗೆ ಬಂತು. ನಿನ್ನ ಸುಳಿವು ಹೇಳಬಲ್ಲ ಒಬ್ಬನೇ ಒಬ್ಬ ಅಲ್ಲಿ ಟಬ್ಬಿನಲ್ಲಿ ಕಾಲಿಟ್ಟು ಕೂತಿದ್ದ.

ಕೋಟು ಹಿಡಿದುಕೊಂಡು ನೇರ ಬೆಂಚಿನ ಹತ್ತಿರ ಹೋದೆ. ಇಲ್ಲಿ ಯಾರನ್ನೂ ಎಲ್ಲಿಂದ ಬಂದೆ, ಇದು ಯಾರದು ಎಂದು ಕೇಳಬಾರದು. ಕೇಳಿದೆ. "ಈ ಕೋಟು ನಿನಗೆ ಎಲ್ಲಿ ಸಿಕ್ತು?" ಎಂದು ಎಲ್ಲರ ಮುಂದೆ, ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಎತ್ತುವ ಅದೇ ದನಿಯಲ್ಲಿ ಕೇಳಿದೆ. ಅವನು ಯಾರೋ ಕೊಟ್ಟರು ಎಂದ. ಯಾರು ಎಂದೆ. ಅವನು ಟಬ್ಬಿನ ನೀರು ನೋಡುತ್ತ ಕೂತ. ನರ್ಸಮ್ಮ ಕಣ್ಣಲ್ಲೇ ನನ್ನನ್ನು ಒಳಗೆ ಕಳಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಎಂಥ ಬುದ್ಧಿವಂತೆ ಎಂಬುದು ನಿನಗೇ ಗೊತ್ತು. ಇಷ್ಟು ವರ್ಷ ಅಂಗಡಿ ನಡೆಸಿ ನಾನು ಕಲಿತದ್ದು ಒಂದೇ, ಬಟ್ಟೆ ನಮ್ಮ ಹತ್ತಿರ ಇದ್ದರೆ ಗಿರಾಕಿ ಬಂದೇ ಬರುತ್ತಾನೆ. ಇವನನ್ನೂ ಹಾಗೇ ಬರಿಸಿಕೊಂಡು, ಒಬ್ಬನೇ ಇದ್ದಾಗ ಮೆಲ್ಲಗೆ ಕೇಳೋಣ ಎಂದು ಲೆಕ್ಕ ಹಾಕಿದೆ. ಕೋಟನ್ನು ಕಿಟಕಿಗೆ ಕಳಿಸಲಿಲ್ಲ. ಹೊಲಿಗೆ ಮುಗಿದಿಲ್ಲ, ಬುಧವಾರ ಬಂದು ತೆಗೆದುಕೋ ಎಂದು ಹೇಳಿ, ದಾನ ಬಂದ ಬಟ್ಟೆಗಳಲ್ಲಿ ಅದಕ್ಕಿಂತ ಒಳ್ಳೆಯದೊಂದು ಉಣ್ಣೆಯ ಕೋಟನ್ನು ಆರಿಸಿ ಕಳಿಸಿದೆ. ಉದ್ದಣ್ಣ ಉಣ್ಣೆಯ ಕೋಟನ್ನು ಮುಟ್ಟಲಿಲ್ಲವಂತೆ. ಟೋಕನ್ ಹಿಡಿದು ಕಿಟಕಿಯ ಮುಂದೆ ತುಂಬ ಹೊತ್ತು ನಿಂತಿದ್ದನಂತೆ. ಆಮೇಲೆ ಅರ್ಧ ಕಟ್ಟಿದ ಪಟ್ಟಿಯಲ್ಲೇ, ಬರೀ ಅಂಗಿಯಲ್ಲಿ, ಆ ಚಳಿಯಲ್ಲಿ ಹೊರಟುಹೋದ. ಬುಧವಾರ ಬರಲಿಲ್ಲ. ಬುಧವಾರ ಯಾರೂ ಬರಲಿಲ್ಲ. ಸ್ನಾನದ ಮನೆಯವರು ಬಟ್ಟೆ ಕಿತ್ತುಕೊಳ್ಳುತ್ತಾರೆ, ಕಳ್ಳರೆಂದು ವಿಚಾರಣೆ ಮಾಡುತ್ತಾರೆ ಎಂದು ಸುದ್ದಿ ಬೀದಿಯಿಂದ ಬೀದಿಗೆ ಹಬ್ಬಿತ್ತು. ಬಿಸಿನೀರು ಕಾದು ಕಾದು ಆರಿತು. ಖಾಲಿ ಬೆಂಚಿನ ಮುಂದೆ ನರ್ಸಮ್ಮ ಟಬ್ಬಿಟ್ಟುಕೊಂಡು ಕೂತೇ ಇದ್ದರು.

ಅವರು ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಕೂಗಾಡಲಿಲ್ಲ. "ಟೈಲರಮ್ಮ, ಅವರ ಹತ್ರ ಇರೋದೇ ಮೈಮೇಲಿನ ಬಟ್ಟೆ. ಅದನ್ನ ನಂಬಿ ನಮ್ಮ ಕೈಗೆ ಕೊಡ್ತಾರೆ. ನೀವು ಇಟ್ಕೊಂಡ್ರಿ" ಎಂದರು, ಅಷ್ಟೇ. ಆಗ ನಾನು ನಿನ್ನ ವಿಷಯ ಮೊದಲ ಸಲ ಅವರಿಗೆ ಹೇಳಿದೆ. ಇಷ್ಟು ದಿನ ಒಟ್ಟಿಗೆ ಕೆಲಸ ಮಾಡಿದರೂ ಬಾಯಿ ಬಿಟ್ಟಿರಲಿಲ್ಲ. ನನ್ನ ತಮ್ಮ ಬೀದಿಯಲ್ಲಿರಬಹುದು ಎಂದು ಹೇಳಲು ನಾಲಿಗೆ ಏಳಬೇಕಲ್ಲ. ಅವರು ಕೇಳಿಸಿಕೊಂಡು, ನನ್ನ ಭುಜದ ಮೇಲೆ ಕೈಯಿಟ್ಟು, "ಮೊದಲು ಅವನ ಕಾಲು" ಎಂದರು. ನನಗೆ ಬೇಕಾಗಿದ್ದದ್ದು ಅವನ ಬಾಯಿ. ಅವರಿಗೆ ಬೇಕಾಗಿದ್ದದ್ದು ಕಾಲು. ನಾಚಿಕೆಯಾಯಿತು ಪುಟ್ಟಾ.

ಕೋಟನ್ನು ಮುಗಿಸಿ, ಇಸ್ತ್ರಿ ಮಾಡಿ, ತೋಳಿನ ಮೇಲೆ ಹಾಕಿಕೊಂಡು ಹುಡುಕಲು ಹೊರಟೆ. ತರಕಾರಿ ಮಾರುಕಟ್ಟೆ, ಮೇಲ್ಸೇತುವೆಯ ಕೆಳಗೆ, ಬಸ್ಸು ತೊಳೆಯುವ ಶೆಡ್ಡು, ಎಲ್ಲ ಕಡೆ ಅಲೆದೆ. ಬೆಂಚಿನ ಮೇಲೆ ನನ್ನ ಜೊತೆ ನಗುತ್ತ ಮಾತಾಡುತ್ತಿದ್ದವರು ನನ್ನನ್ನು ಕಂಡು ಮುಖ ತಿರುಗಿಸಿದರು. ಒಬ್ಬಳು ತನ್ನ ಶಾಲನ್ನು ಬಿಗಿಯಾಗಿ ಸುತ್ತಿಕೊಂಡು ಎದ್ದು ಹೋದಳು, ಆ ಶಾಲಿನ ಅಂಚು ಹೊಲಿದುಕೊಟ್ಟವಳು ನಾನೇ. ದಿನ ಕಳೆದರೂ ಯಾರೂ ಸುಳಿವು ಕೊಡಲಿಲ್ಲ. ಕೊನೆಗೆ ರೈಲು ನಿಲ್ದಾಣದ ಹಿಂದೆ ಅಲೆಯುತ್ತಿದ್ದಾಗ ಜಡಿಮಳೆ ಹಿಡಿಯಿತು. ಚಳಿ ತಡೆಯಲಾರದೆ ಆ ಕೋಟನ್ನು ನಾನೇ ಹಾಕಿಕೊಂಡೆ. ತೋಳು ಬೆರಳು ದಾಟಿ ಇಳಿಯುತ್ತಿತ್ತು, ಎಡ ಹೆಗಲು ಕಿವಿಯ ಹತ್ತಿರ ಬಂದಿತ್ತು. ಮೂಟೆ ಹೊರುವವರು ನೋಡಿ ನಕ್ಕರು. ನಗಲಿ ಎಂದು ನಡೆದೆ. ಪಾರ್ಸೆಲ್ ಶೆಡ್ಡಿನ ಮೂಟೆಗಳ ಹಿಂದಿನಿಂದ ಯಾರೋ ಕರೆದರು. "ಅಕ್ಕಾ, ಅದು ನನ್ನ ಕೋಟು."

ನನ್ನನ್ನು ಯಾರಾದರೂ ಅಕ್ಕಾ ಎಂದು ಕರೆದು ಎಷ್ಟು ಕಾಲವಾಗಿತ್ತು ಗೊತ್ತಾ? ಉದ್ದಣ್ಣ ಗೋಡೆಗೆ ಒರಗಿ ಕೂತಿದ್ದ, ಮೈ ಜ್ವರದಲ್ಲಿ ಸುಡುತ್ತಿತ್ತು, ಕಾಲು ನೋಡುವ ಹಾಗಿರಲಿಲ್ಲ. ಕೋಟು ಬಿಚ್ಚಿ ಅವನಿಗೆ ತೊಡಿಸಿ, ಗುಂಡಿ ಹಾಕಿದೆ. ನಾಲಿಗೆಯ ತುದಿಗೆ ನೂರು ಪ್ರಶ್ನೆ ಬಂದಿದ್ದವು. ಒಂದನ್ನೂ ಕೇಳಲಿಲ್ಲ. ನೀನು ಎಲ್ಲಿದ್ದೀಯ ಎಂದು ಕೂಡ ಕೇಳಲಿಲ್ಲ. ಆ ಸ್ಥಿತಿಯಲ್ಲಿ ಕೇಳಿದರೆ ಅವನು ಹೇಳುತ್ತಿದ್ದನೇನೋ, ಆದರೆ ಅದು ಮತ್ತೆ ಕೋಟು ಹಿಡಿದಿಟ್ಟುಕೊಂಡಂತೆಯೇ ಆಗುತ್ತಿತ್ತು. ಅವನು ಅಲ್ಲೇ ಕಣ್ಣು ಮುಚ್ಚಿದ್ದರೆ ನಿನ್ನ ದಾರಿ ನನ್ನ ಪಾಲಿಗೆ ಅಲ್ಲಿಗೇ ಮುಗಿಯುತ್ತಿತ್ತು, ಅದೂ ಗೊತ್ತಿತ್ತು. ಪ್ಲಂಬರನ ವ್ಯಾನು ಬರುವವರೆಗೆ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಕಾಲು ಉಳಿಯಿತು. ಎರಡು ಬೆರಳು ಹೋದವು. ಒಂದು ವಾರ ಮೊದಲೇ ಬಂದಿದ್ದರೆ ಅವೂ ಉಳಿಯುತ್ತಿದ್ದವು ಎಂದು ಡಾಕ್ಟರು ಹೇಳಿದಾಗ ನರ್ಸಮ್ಮ ನನ್ನ ಕಡೆ ನೋಡಲಿಲ್ಲ, ನಾನು ನೆಲ ನೋಡುತ್ತಿದ್ದೆ. ದಿನಾ ಮಧ್ಯಾಹ್ನ ಆಸ್ಪತ್ರೆಗೆ ಹೋಗುತ್ತಿದ್ದೆ. ಅವನು ಕಿಟಕಿ ನೋಡುತ್ತ ಮಲಗಿರುತ್ತಿದ್ದ, ನಾನು ಏನಾದರೂ ಹೊಲಿಯುತ್ತ ಕೂತಿರುತ್ತಿದ್ದೆ. ಒಂದು ದಿನ ಅವನೇ ಸೂಜಿ ಇಸಿದುಕೊಂಡು ದಾರ ಪೋಣಿಸಿಕೊಟ್ಟ. "ನೀವು ಮತ್ತೆ ಕೇಳ್ಲೇ ಇಲ್ವಲ್ಲ" ಎಂದ. ಆಮೇಲೆ ತಾನಾಗಿ ಹೇಳಿದ. ರೈಲು ಹಳಿ ಮುಗಿಯುವ ಆ ಊರಿನಲ್ಲಿ ನೀವಿಬ್ಬರೂ ಒಂದೇ ಮುಂಗಟ್ಟಿನಡಿ ಮಲಗುತ್ತಿದ್ದಿರಂತೆ. ಅಲ್ಲಿಯೂ ಜನ ಸೇರಿ ನಡೆಸುವ ಇಂಥದ್ದೇ ಒಂದು ಮನೆ ಇದೆಯಂತೆ, ಅದರ ಲಾಂಡ್ರಿಯಲ್ಲಿ ನಿನಗೆ ಕೆಲಸವಾಯಿತಂತೆ, ಇರಲು ಒಂದು ಕೋಣೆಯನ್ನೂ ಕೊಟ್ಟರಂತೆ. "ಒಳಗಿನ ಕೆಲಸ ಸಿಕ್ತು, ಇನ್ನು ಬೆಚ್ಚಗಿರ್ತೀನಿ. ನೀನು ಹಾಕ್ಕೋ. ನನ್ನಕ್ಕ ಹೊಲಿದದ್ದು, ಜೋಪಾನ" ಎಂದು ಕೋಟು ಬಿಚ್ಚಿಕೊಟ್ಟೆಯಂತೆ.

ನೀನು ಬದುಕಿದ್ದೀಯ, ನಿನಗೆ ಕೆಲಸವಿದೆ, ತಲೆಯ ಮೇಲೆ ಸೂರಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ, ನೋಡಿದವರು ಯಾರೋ ಸತ್ತರೆಂದುಕೊಂಡಿರಬೇಕು. ಅಳು ಮುಗಿದ ಮೇಲೆ ಸಿಟ್ಟು ಬಂತು. ಕೆಲಸ ಸಿಕ್ಕ ಮೇಲೆ ಮುಖ ತೋರಿಸುತ್ತೇನೆ ಎಂದಿದ್ದೆಯಲ್ಲೋ! ಸಿಕ್ಕಿತಲ್ಲ? ಕೋಟು ಕೊಡುವಾಗ ನೆನಪಾದ ಅಕ್ಕ, ಒಂದು ಕಾಗದ ಬರೆಯಲು ನೆನಪಾಗಲಿಲ್ಲವಾ? ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ಏನಾಯಿತೋ, ಯಾಕೆ ಬರೆಯಲಿಲ್ಲವೋ, ನಾನು ಕೇಳುವುದಿಲ್ಲ. ಎಂದಾದರೂ ಹೇಳಬೇಕೆನಿಸಿದರೆ ಹೇಳು. ಹೇಳದಿದ್ದರೂ ನೀನು ನನ್ನ ತಮ್ಮನೇ.

ಇಲ್ಲಿಯ ಸುದ್ದಿ ಇಷ್ಟು. ಆಸ್ಪತ್ರೆಯಿಂದ ಬಂದ ದಿನ ಉದ್ದಣ್ಣ ಕೋಲೂರಿಕೊಂಡು ನೇರ ಸ್ನಾನದ ಮನೆಗೆ ಬಂದ. ಬಾಗಿಲ ಹೊರಗೆ ಕೆಲವರು ದೂರ ನಿಂತು ನೋಡುತ್ತಿದ್ದರು. ಎಲ್ಲರಿಗೂ ಕಾಣುವಂತೆ ಕೋಟು ಬಿಚ್ಚಿ ಕಿಟಕಿಯಲ್ಲಿ ಕೊಟ್ಟ. ಅದನ್ನು ತೆಗೆದುಕೊಳ್ಳಲು ಕಿಟಕಿಯಲ್ಲಿ ನಿಂತಿದ್ದವಳು ನಾನೇ. ಒಗೆದು, ಒಣಗಿಸಿ, ಅದೇ ದಿನ ಅವನ ಕೈಗೆ ವಾಪಸು ಕೊಟ್ಟೆ. ಮಾರನೆಯ ವಾರದಿಂದ ಒಬ್ಬೊಬ್ಬರೇ ಬರತೊಡಗಿದರು. ಆ ಶಾಲಿನವಳು ಇನ್ನೂ ಬಂದಿಲ್ಲ, ಅವಳಿಗಾಗಿ ಕಾಯುತ್ತಿದ್ದೇವೆ. ಬೇಕರಿಯವರು ಉದ್ದಣ್ಣನಿಗೆ ಮೂಟೆಯ ಬದಲು ಬನ್ನು ಕಟ್ಟುವ, ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಕೂತರೂ ಅವನ ತಲೆ ಕಪಾಟಿಗೆ ಬಡಿಯುತ್ತದೆ. ಕೋಟಿನ ಪ್ಯಾಡು ತೆಗೆದು ಅವನ ಹೆಗಲಿಗೆ ಸರಿ ಮಾಡಿಕೊಡುತ್ತೇನೆ ಎಂದೆ. ಬೇಡ, ಕೊಟ್ಟವನು ಬಂದರೆ ಗುರುತು ಸಿಗಬೇಕಲ್ಲ ಎಂದ. ಮೇಷ್ಟ್ರು ಇದನ್ನೆಲ್ಲ ಮುಂದಿನ ಭಾಷಣಕ್ಕೆ ಸೇರಿಸಿಕೊಳ್ಳುತ್ತಾರಂತೆ, ದೇವರೇ ಕಾಪಾಡಬೇಕು.

ಹೊತ್ತಾಯಿತು. ಕೆಮ್ಮಿಗೆ ಅಸಡ್ಡೆ ಮಾಡಬೇಡ, ಲಾಂಡ್ರಿಯ ಹಬೆಯಿಂದ ಹೊರಗೆ ಬರುವಾಗ ಎದೆ ಮುಚ್ಚಿಕೊಂಡು ಬಾ. ಅಲ್ಲಿ ನಿನ್ನನ್ನು ನೋಡಿಕೊಂಡವರೆಲ್ಲರಿಗೂ ನನ್ನ ನಮಸ್ಕಾರ ಹೇಳು. ನೂರು ಕಾಲ ಚೆನ್ನಾಗಿರು, ನಿನಗೆ ಯಾವ ಕೊರತೆಯೂ ಬಾರದಿರಲಿ.

ಇಂತಿ ನಿನ್ನ ಬಾಯಿಬಡುಕಿ
ಅಕ್ಕ

ತಾ.ಕ.: ಪ್ಲಂಬರ್ ಅಂಚೆಗೆ ಹಾಕಲು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬಂದರೆ ಹಳೆಯ ಮನೆಗೆ ಹೋಗಬೇಡ. ಕಟ್ಟಡ ಕೆಡವಿಯಾಯಿತು, ಅಂಗಡಿಯೂ ಅದರ ಜೊತೆಗೇ ಹೋಯಿತು. ಬೇಕರಿಯ ಹಿಂದಿನ ಕೋಣೆಯನ್ನು ಸಂಘದವರು ನನಗೆ ಕೊಡಲು ಹೊರಟಿದ್ದರು. ಉದ್ದಣ್ಣನಿಗೆ ಕೊಡಿ ಎಂದು ನಾನೇ ಹೇಳಿದೆ, ಆ ಕಾಲಿಟ್ಟುಕೊಂಡು ಅವನು ಎಲ್ಲಿಗೆ ಹೋಗಬೇಕು? ಈಗ ನಾನು ಮಲಗುವುದು ಈ ಹೊಲಿಗೆ ಕೋಣೆಯಲ್ಲೇ. ಬಟ್ಟೆ ಒಗೆಯುವ ದಿನ ನಾನೂ ಟೋಕನ್ ಹಿಡಿದು, ಬೂದು ಅಂಗಿ ತೊಟ್ಟು ಬೆಂಚಿನ ಮೇಲೆ ಕೂರುತ್ತೇನೆ. ಎಲ್ಲರೂ ಒಳ್ಳೆಯವರು, ಆದರೆ ಸಂಜೆ ಬಾಗಿಲು ಹಾಕಿಕೊಂಡು ಅವರವರ ಮನೆಗೆ ಹೋಗುತ್ತಾರೆ. ಪುಟ್ಟಾ, ನಾನು ನಿನ್ನ ಹತ್ತಿರ ಇಲ್ಲಿಯವರೆಗೆ ಏನನ್ನೂ ಕೇಳಿದವಳಲ್ಲ. ನಿನ್ನ ಕೋಣೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಇದೆಯಾ? ಮೆಷಿನ್ ಇಲ್ಲೇ ಇವರಿಗೆ ಬಿಟ್ಟು ಬರುತ್ತೇನೆ. ಬರಬೇಡ ಎನ್ನುವುದಾದರೂ ಸರಿ, ಒಂದು ಸಾಲು ಬರೆ.